ಹುಳುಮನೆಯ ಹೊಸ್ತಿಲಲ್ಲಿ ಹದಿನಾಲ್ಕು ವರ್ಷ

ಮೂವತ್ತೈದನೇ ವಯಸ್ಸಿಗೆ ನಿವೃತ್ತಿಯಾದೆ ಎಂದರೆ ಕೇಳಿದವರು ನಗುತ್ತಾರೆ. ನಮ್ಮ ಅಪ್ಪನಂತೂ ಮನೆಗೆ ಬಂದವರಿಗೆ ಕಾಫಿ ಕೊಡುವ ಮೊದಲೇ ಈ ಸುದ್ದಿ ಕೊಡುತ್ತಾರೆ: “ನಮ್ ಸುಮಾ ರಿಟೈರ್ ಆಗ್ಬುಟ್ಲು. ನಂಗೆ ಇನ್ನೂ ಆರ್ಡರ್ ಬಂದಿಲ್ಲ ನೋಡಿ.” ಅವರು ಇವತ್ತಿಗೂ ಕೋಳಿ ಕೂಗುವ ಹೊತ್ತಿಗೆ ಎದ್ದು ತೆಂಗಿಗೆ ನೀರು ಬಿಡುವವರು.

ಕಾರಣ ಸರಳ. ರೇಷ್ಮೆ ಹುಳುವಿನ ಮನೆಯ ಧೂಳು, ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರಿನ ಘಾಟು ಮೂರೂ ಸೇರಿ ನನ್ನ ಉಸಿರಿಗೆ ಒಗ್ಗದೆ ಹೋದವು. ಎರಡು ವರ್ಷ ಕೆಮ್ಮಿದೆ. ರಾಮನಗರದ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, “ಹುಳ ಬೇಕೋ ಉಸಿರು ಬೇಕೋ ನೀವೇ ನಿರ್ಧಾರ ಮಾಡಿ” ಎಂದರು. ನಾನು ಒಂದು ವಾರ ಸಮಯ ಕೇಳಿದೆ. ಅದಕ್ಕೆ ಅವರು ನಕ್ಕರು.

ನಾನು ಕೆಲಸ ಮಾಡಿದ್ದು ಚನ್ನಪಟ್ಟಣದ ಹತ್ತಿರ, ಕೆಂಗಲ್ ದಾಟಿದ ಮೇಲೆ ಒಳಗೆ ಹೋಗುವ ರಸ್ತೆಯಲ್ಲಿದ್ದ ಒಂದು ಖಾಸಗಿ ಚಾಕಿ ಕೇಂದ್ರದಲ್ಲಿ. ಗೊತ್ತಿಲ್ಲದವರಿಗೆ ಒಂದು ಮಾತು: ರೇಷ್ಮೆ ಮೊಟ್ಟೆಯೊಡೆದು ಬರುವ ಹುಳು ಇರುವೆಗಿಂತ ಚಿಕ್ಕದು. ಅದು ಎರಡು ಸಲ ಪೊರೆ ಬಿಡುವವರೆಗೆ ಮಗುವಿನಂತೆ ನೋಡಿಕೊಂಡು, ಆಮೇಲೆ ರೈತರ ಮನೆಗೆ ಕೊಡುವುದು ಚಾಕಿ ಕೇಂದ್ರದ ಕೆಲಸ. ಪೊರೆ ಬಿಡುವ ಮೊದಲು ಹುಳು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೊದಲ ಎರಡು ಜ್ವರ ನಮ್ಮಲ್ಲಿ, ಉಳಿದೆರಡು ಜ್ವರ ರೈತರ ಮನೆಯಲ್ಲಿ, ಆಮೇಲೆ ಗೂಡು. ಹುಳುಗಳನ್ನು ಕೊಟ್ಟ ಮೇಲೂ ಗೂಡು ಕಟ್ಟುವವರೆಗೆ ಮನೆಮನೆಗೆ ಹೋಗಿ ನೋಡಿ ಬರುವುದು ನನ್ನ ಪಾಲಿನ ಕೆಲಸ. ರಾಮನಗರ, ಮಾಗಡಿ, ಕನಕಪುರ ತಾಲ್ಲೂಕುಗಳಲ್ಲಿ ನಾನು ಸ್ಕೂಟರ್ ನಿಲ್ಲಿಸದ ಊರು ಕಡಿಮೆ.

ನನ್ನ ಜಾಗಕ್ಕೆ ಈಗ ಇಬ್ಬರು ಹುಡುಗಿಯರು ಸೇರಿದ್ದಾರೆ. ಇಬ್ಬರೂ ಡಿಪ್ಲೊಮಾ ಮಾಡಿದವರು, ಚುರುಕಾಗಿದ್ದಾರೆ. “ಅಕ್ಕ, ಪುಸ್ತಕದಲ್ಲಿ ಇಲ್ಲದ್ದು ಏನಾದ್ರೂ ಇದ್ರೆ ಬರ್ಕೊಡಿ” ಎಂದರು. ಸೇರಿದ ದಿನದಿಂದ ಡೈರಿ ಬರೆದವಳು ನಾನು. ತಾರೀಕು, ಊರು, ಸೊಪ್ಪಿನ ಹದ, ಹುಳುವಿನ ಸ್ಥಿತಿ, ಕೊನೆಗೆ ಆ ದಿನ ಕುಡಿದ ಟೀ ಲೋಟಗಳ ಲೆಕ್ಕ. ಬೆಳೆ ಚೆನ್ನಾಗಿ ಬಂದ ಮನೆಗೆ ಹಸಿರು ಚುಕ್ಕೆ, ಕೆಟ್ಟ ಮನೆಗೆ ಕೆಂಪು ಚುಕ್ಕೆ. ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ. ಸೈಕಲ್ ಹೋಗಿ ಸ್ಕೂಟರ್ ಬಂದಿತು, ಅದೇ ನನ್ನ ಬಡ್ತಿ. ಉಳಿದದ್ದನ್ನು ಆ ಹುಡುಗಿಯರಿಗೆಂದೇ ಹೇಳುತ್ತೇನೆ.

ಮೊದಲು ನಮ್ಮ ಮೇಲಧಿಕಾರಿ ರಂಗಸ್ವಾಮಿ ಸರ್. ಚಾಕಿ ಕೋಣೆಯಲ್ಲಿ ಶಾಖವೂ ತೇವವೂ ಹದವಾಗಿರಬೇಕು, ಸ್ವಲ್ಪ ಏರುಪೇರಾದರೂ ಹುಳು ಸೊರಗುತ್ತದೆ. ನಾನು ಸೇರಿದಾಗ ಅದನ್ನು ಅಳೆಯುತ್ತಿದ್ದದ್ದು ಸರ್ ಅವರ ಕೆನ್ನೆ. ಬೆಳಿಗ್ಗೆ ಬಾಗಿಲು ತೆಗೆದು, ಕಣ್ಣು ಮುಚ್ಚಿ, ಬಲಗೆನ್ನೆಯನ್ನು ಕೋಣೆಯೊಳಗೆ ಚಾಚಿ ನಿಲ್ಲುವರು. “ಗಾಳಿ ಒಣಗೈತೆ, ಗೋಣಿ ನೆನ್ಸಿ” ಎಂದರೆ ನಾವು ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟಬೇಕು. “ಚಳಿ ಐತೆ” ಎಂದರೆ ಇದ್ದಿಲ ಒಲೆ ಹಚ್ಚಬೇಕು. ಗೋಡೆಗೆ ಒಂದು ಥರ್ಮಾಮೀಟರ್ ಇತ್ತು, ನಿಜ. ಸರ್ ಅದನ್ನು ನೋಡುತ್ತಿದ್ದದ್ದು ತಮ್ಮ ಕೆನ್ನೆ ಸರಿ ಹೇಳಿತೇ ಎಂದಲ್ಲ, ಥರ್ಮಾಮೀಟರ್ ಕೆಟ್ಟಿದೆಯೇ ಎಂದು.

ಆಮೇಲೆ ಮಾಲೀಕರು ಸೆನ್ಸರ್ ಡಬ್ಬಿಗಳನ್ನು ತರಿಸಿದರು. ಕೋಣೆಯ ಶಾಖ, ತೇವ ಎರಡೂ ನಮ್ಮ ಫೋನಿಗೆ ಬರುತ್ತಿದ್ದವು, ಹೆಚ್ಚುಕಡಿಮೆ ಆದರೆ ಫೋನು ಕೂಗಿಕೊಳ್ಳುತ್ತಿತ್ತು. ಸರ್ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. “ಆ ಡಬ್ಬಿಗೆ ಕೆನ್ನೆ ಐತಾ?” ಎಂದು ಒಮ್ಮೆ ಕೇಳಿದರು, ಅಷ್ಟೇ.

ಒಂದು ಬೆಳಿಗ್ಗೆ ಎಲ್ಲರ ಫೋನೂ ಒಟ್ಟಿಗೆ ಕೂಗಿಕೊಂಡವು. ಕೋಣೆಯಲ್ಲಿ ತೇವ ತೊಂಬತ್ತೊಂಬತ್ತು. ನಾವು ಓಡಿ ಹೋಗಿ ಕಿಟಕಿ ತೆಗೆದೆವು, ಫ್ಯಾನ್ ಹಾಕಿದೆವು, ನೆನೆದ ಗೋಣಿ ಕಿತ್ತು ಹೊರಗೆಸೆದೆವು. ಅರ್ಧ ಗಂಟೆಯಾದರೂ ತೊಂಬತ್ತೊಂಬತ್ತು ಇಳಿಯಲಿಲ್ಲ. ತಟ್ಟೆಯಲ್ಲಿದ್ದ ಎಳೆ ಸೊಪ್ಪು ಮಾತ್ರ ಸುರುಟಿಕೊಳ್ಳತೊಡಗಿತು. ಆಗ ನಾನು ತಲೆಯೆತ್ತಿ ನೋಡಿದರೆ ಡಬ್ಬಿಯ ಮೇಲೆ ಒಂದು ಒದ್ದೆ ಟವಲ್. ಅದು ಯಾರದ್ದೆಂದು ಯಾರೂ ಕೇಳಬೇಕಾಗಿರಲಿಲ್ಲ. ಕೆಂಪು ಅಂಚಿನ ಆ ಟವಲ್ ಇಡೀ ಕೇಂದ್ರದಲ್ಲಿ ಒಬ್ಬರ ಹೆಗಲ ಮೇಲೆ ಮಾತ್ರ ಇರುತ್ತಿತ್ತು.

ಸರ್ ಬಂದರು. ಟವಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ಡಬ್ಬಿಯನ್ನೇ ಸ್ವಲ್ಪ ಹೊತ್ತು ನೋಡಿದರು.

“ಡಬ್ಬಿ ಸುಳ್ಳು ಹೇಳಿಲ್ಲ ಕಣ್ರವ್ವ. ಟವಲ್ ಒದ್ದೆನೇ ಇತ್ತಲ್ಲ.”

ಅವತ್ತಿನಿಂದ ಅವರಿಗೆ ಡಬ್ಬಿಯ ಮೇಲೆ ನಂಬಿಕೆ ಬಂತು. ದಿನಾ ಬೆಳಿಗ್ಗೆ ಕೆನ್ನೆಯಿಂದ ನೋಡಿ ಮೊದಲು ತಾವು ಒಂದು ಅಂಕಿ ಹೇಳುವರು, ಆಮೇಲೆ ನಾನು ಫೋನು ನೋಡಿ ಹೇಳಬೇಕು. ಒಂದೆರಡು ಅಂಕಿಗಿಂತ ಹೆಚ್ಚು ವ್ಯತ್ಯಾಸ ಬರುತ್ತಿದ್ದದ್ದು ಅವರಿಗೆ ಶೀತವಾದಾಗ ಮಾತ್ರ. ನೀವು ಕಲಿಯಬೇಕಾದದ್ದು ಇಷ್ಟು: ಯಂತ್ರ ತನಗೆ ತಾಗಿದ್ದನ್ನು ಹೇಳುತ್ತದೆ, ಕೋಣೆಗೆ ಏನಾಗಿದೆ ಎಂದು ನೀವೇ ಎದ್ದು ಹೋಗಿ ನೋಡಬೇಕು.

ಇನ್ನೊಂದು, ರೈತರು ಫೋನು ಮಾಡುವುದು ಹುಳುವಿನ ವಿಷಯಕ್ಕೆ ಎಂದುಕೊಳ್ಳಬೇಡಿ. ಮಾಗಡಿ ಕಡೆ ಒಂದು ಹಳ್ಳಿಯಲ್ಲಿ ಗಂಡ ಹೆಂಡತಿ ಇದ್ದರು, ಲೋಕೇಶ ಮತ್ತು ಗೀತಾ. ಲೋಕೇಶನಿಗೆ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ. ಅವನು ಬರುವ ಹೊತ್ತಿಗೆ ಇವಳು ಮಲಗಿರುವಳು, ಇವಳು ಏಳುವ ಹೊತ್ತಿಗೆ ಅವನು ಬಸ್ಸು ಹತ್ತಿರುವನು. ಮನೆಯಲ್ಲಿ ಹುಳು ಸಾಕಿದ್ದರು. ಇಬ್ಬರೂ ಬೇರೆಬೇರೆ ಹೊತ್ತಿಗೆ ನನಗೆ ಫೋನು ಮಾಡುವರು.

“ಮೇಡಂ, ಅವ್ಳು ಸೊಪ್ಪು ಹಾಕವ್ಳಾ?”

“ನಿಮ್ಮ ಹೆಂಡತಿಯನ್ನೇ ಕೇಳಿ.”

“ಮಲಗವ್ಳೆ. ಎಬ್ಸಿದ್ರೆ ಬಯ್ತಾಳೆ.”

ಮಧ್ಯಾಹ್ನ ಗೀತಾಳ ಫೋನು: “ಅಕ್ಕ, ಹುಳ ಜ್ವರಕ್ಕೆ ಕುಂತವೆ, ಇವ್ರು ನೋಡ್ದೆ ರಾಶಿ ಸೊಪ್ಪು ಸುರ್ದು ಹೋಗವ್ರೆ. ಹೇಳಿ ಅವ್ರಿಗೆ ಒಸಿ.”

ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ. ಮೇಲೆ ಸೊಪ್ಪು ಸುರಿದರೆ ಕೆಳಗೆ ಬೆವೆತು ರೋಗ ಬರುತ್ತದೆ. ಎರಡು ಬೆಳೆ ಹೀಗೇ ನಡುವೆ ನಿಂತು ಅಂಚೆಯವಳಾದೆ. ಮೂರನೆಯದಕ್ಕೆ ನನಗೆ ಸಾಕಾಯಿತು. “ಒಬ್ಬರು ಮನೆ ಬಿಡುವ ಮೊದಲು, ಒಬ್ಬರು ಮಲಗುವ ಮೊದಲು ಒಬ್ಬರಿಗೊಬ್ಬರು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿ. ಹುಳು ಹೇಗಿದೆ, ಏನು ಹಾಕಿದೆ, ಅಷ್ಟು ಸಾಕು” ಎಂದೆ.

ಬೆಳೆ ಚೆನ್ನಾಗಿ ಬಂತು. ಅದಕ್ಕಿಂತ ಹೆಚ್ಚಾಗಿ, ಒಂದು ತಿಂಗಳ ಮೇಲೆ ಅವರ ಮನೆಗೆ ಹೋದಾಗ, “ಈಗಲೂ ಕಳಿಸ್ತೀರಾ?” ಎಂದು ಕೇಳಿದರೆ ಗೀತಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಕಳಿಸ್ತೀವಕ್ಕ. ಹುಳದ್ ಮಾತು ಒಸಿ ಇರ್ತದೆ, ಮಿಕ್ಕಿದ್ದು ಬೇರೆ.” ಮಿಕ್ಕಿದ್ದೇನು ಎಂದು ನಾನು ಕೇಳಲಿಲ್ಲ. ಡೈರಿಯಲ್ಲಿ ಹಸಿರು ಚುಕ್ಕೆಯ ಪಕ್ಕ ಇನ್ನೊಂದು ಹಸಿರು ಚುಕ್ಕೆ ಇಟ್ಟೆ.

ಈಗ ಹೊಸ್ತಿಲಿನ ವಿಷಯ. ಹುಡುಗಿಯರಾದ ನಿಮಗೆ ಇದನ್ನು ಯಾವ ತರಗತಿಯಲ್ಲೂ ಹೇಳಿಕೊಟ್ಟಿರುವುದಿಲ್ಲ. ಹುಳುಮನೆಯ ಬಾಗಿಲಿಗೆ ಹೋದ ಕೂಡಲೇ ಮನೆಯ ಹಿರಿಯ ಹೆಂಗಸು ಮೆತ್ತಗೆ ಕೇಳುತ್ತಾಳೆ: “ತಲೆಗೆ ನೀರು ಹಾಕ್ಕೊಂಡಿದ್ದೀಯೇನವ್ವ?” ಸ್ನಾನದ ವಿಚಾರ ಅಲ್ಲ ಅದು. ಮುಟ್ಟಾಗಿದ್ದೀಯೋ ಎಂದು ಕೇಳುವ ರೀತಿ. ಮುಟ್ಟಾದವಳ ನೆರಳು ಬಿದ್ದರೆ ಹುಳು ಸಾಯುತ್ತದೆ ಎಂಬುದು ಅನೇಕ ಮನೆಗಳ ನಂಬಿಕೆ. ಎಲ್ಲ ಮನೆಗಳಲ್ಲೂ ಅಲ್ಲ, ಈಗೀಗ ಕಡಿಮೆಯೂ ಆಗಿದೆ. ನಾನು ವಾದ ಮಾಡಲು ಹೋಗುತ್ತಿರಲಿಲ್ಲ. ವಾದ ಮಾಡಿದರೆ ಬಾಗಿಲು ಮುಚ್ಚುತ್ತದೆ, ಹುಳು ನೋಡಲು ಆಗುವುದಿಲ್ಲ. ಆ ದಿನಗಳಲ್ಲಿ ಹೊಸ್ತಿಲಾಚೆಯೇ ನಿಂತು, “ಒಂದು ಹತ್ತು ಹುಳ ಎಲೆ ಮೇಲೆ ಇಟ್ಟು ತನ್ನಿ, ಬೆಳಕಿನಲ್ಲಿ ನೋಡೋಣ” ಎನ್ನುತ್ತಿದ್ದೆ. ಹಾಗೆ ನಿಂತು ನಿಂತೇ ನನಗೆ ಕಬ್ಬಾಳಿನ ಮನೆಯ ಪರಿಚಯ ಆದದ್ದು.

ಕಬ್ಬಾಳು ಬೆಟ್ಟದ ಬುಡದಲ್ಲಿ ತಾಯಮ್ಮನ ಮನೆ. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಆಕೆಯೇ ಹುಳು ಮೇಯಿಸಿದವಳು. ಕೈಗುಣ ಇದ್ದವಳು, ನನ್ನ ಡೈರಿಯಲ್ಲಿ ಆ ಮನೆಗೆ ಬರೀ ಹಸಿರು ಚುಕ್ಕೆ. ಒಬ್ಬನೇ ಮಗ ಮಹದೇವ. ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೋಗಿ ಬರುವುದು, ತೋಟ ನೋಡುವುದು ಅವನ ಕೆಲಸ. ಮಾತು ಕಡಿಮೆ. ಒಂದು ಬೇಸಿಗೆಯಲ್ಲಿ ಅವನಿಗೆ ಮದುವೆಯಾಯಿತು. ಸೊಸೆ ನಂದಿನಿ ಮಾಗಡಿ ಕಡೆಯವಳು, ಬಿ.ಎಸ್‌ಸಿ. ಓದಿದವಳು. ಅವಳು ಬಂದ ಮೇಲೆ ಆ ಮನೆಯಲ್ಲಿ ಒಂದರ ಹಿಂದೆ ಒಂದು ಮೂರು ಬೆಳೆ ಕೆಟ್ಟವು.

ಕೆಟ್ಟದ್ದು ಹಾಲುತೊಂಡೆ ರೋಗದಿಂದ. ಹುಳು ಊದಿಕೊಂಡು ಹಳದಿಯಾಗಿ, ನೆಮ್ಮದಿಯಿಲ್ಲದೆ ಅಂಚಿನಲ್ಲೆಲ್ಲ ಹರಿದಾಡಿ, ಮುಟ್ಟಿದರೆ ಹಾಲಿನಂಥ ನೀರು ಸುರಿಸಿ ಸಾಯುತ್ತದೆ. ಊರಿನವರಿಗೆ ರೋಗದ ಹೆಸರು ಬೇಕಿರಲಿಲ್ಲ. ಸೊಸೆಯ ಕಾಲ್ಗುಣ ಎಂದುಬಿಟ್ಟರು. ತಾಯಮ್ಮ ಬಾಯಿಬಿಟ್ಟು ಹಾಗೆ ಹೇಳಲಿಲ್ಲ. ಆದರೆ ನಂದಿನಿಗೆ ತಿಂಗಳಿಡೀ ಹುಳುಮನೆಯ ಬಾಗಿಲು ಮುಚ್ಚಿತು. ಸೊಪ್ಪು ತಂದು ಹೊಸ್ತಿಲಲ್ಲಿ ಇಟ್ಟು ಹೋಗಬೇಕು, ಅಷ್ಟೇ.

ಮೂರನೇ ಬೆಳೆ ತಿಪ್ಪೆಗೆ ಹೋದ ದಿನ ನಾನು ಅಲ್ಲಿದ್ದೆ. ನಂದಿನಿ ನನ್ನನ್ನು ಕೊಟ್ಟಿಗೆಯ ಪಕ್ಕಕ್ಕೆ ಕರೆದಳು.

“ಅಕ್ಕ, ಒಂದೆರಡು ಬೆಳೆ ಆಗೋವರೆಗೂ ತವರಲ್ಲಿ ಇರು ಅಂತ ಅತ್ತೆ ಅಂದವ್ರೆ. ನಮ್ಮಣ್ಣನಿಗೆ ಫೋನು ಹೋಗಿದೆ.”

“ಹೋಗಿ ಬಾ. ನಾವು ಇಲ್ಲಿ ರೋಗ ಎಲ್ಲಿಂದ ಬರ್ತಿದೆ ಅಂತ ನೋಡ್ತೀವಿ.”

ಅವಳು ನನ್ನನ್ನೇ ನೋಡಿದಳು. “ನಾನು ಹೋದ ಮೇಲೆ ಬೆಳೆ ಚೆನ್ನಾಗಿ ಬಂದ್ಬುಟ್ರೆ?”

ನನಗೆ ತಕ್ಷಣ ಹೊಳೆದಿರಲಿಲ್ಲ. ಬೆಳೆ ಕೆಟ್ಟರೆ ಅವಳಿಗೆ ಭಯವಿಲ್ಲ. ಅವಳಿಲ್ಲದಾಗ ಬೆಳೆ ಬಂದರೆ, ಆಮೇಲೆ ಅವಳು ಯಾವ ಮುಖ ಹೊತ್ತು ಆ ಮನೆಗೆ ಮರಳುವುದು? ಅವತ್ತು ಡೈರಿಯಲ್ಲಿ ಕೆಂಪು ಚುಕ್ಕೆ ಇಟ್ಟ ಮೇಲೆ ಆ ಪ್ರಶ್ನೆಯನ್ನೂ ಬರೆದುಕೊಂಡೆ.

“ಒಳಗೆ ಹೋಗೋಕೆ ಬಿಡ್ತಿರಲಿಲ್ಲವಲ್ಲ, ಹುಳ ನೋಡೇ ಇಲ್ವಾ?” ಎಂದು ಕೇಳಿದೆ.

“ಕಿಟಕಿಯಿಂದ ದಿನಾ ಫೋಟೊ ತೆಗೀತಿದ್ದೆ. ಅತ್ತೆಗೆ ಹೇಳ್ಬೇಡಿ.”

ಅವಳ ಫೋನಿನಲ್ಲಿ ಮೂರು ಬೆಳೆಯ ಫೋಟೊಗಳಿದ್ದವು. ಇಬ್ಬರೂ ಹುಲ್ಲಿನ ಮೇಲೆ ಕೂತು ಒಂದೊಂದೇ ಸರಿಸಿದೆವು. ಮೂರು ಸಲವೂ ಹಳದಿ ಹುಳು ಮೊದಲು ಕಾಣಿಸಿದ್ದು ಬಾಗಿಲ ಎಡಗಡೆ, ಹುಳು ಹರವುವ ಅಟ್ಟಣಿಗೆಯ ಮೊದಲ ಅಂಕಣದಲ್ಲಿ. ಆಮೇಲೆ ಬಲಕ್ಕೆ ಹರಡಿತ್ತು. ಕಾಲ್ಗುಣ ಆಗಿದ್ದರೆ ಅದಕ್ಕೆ ಎಡ ಬಲ ಯಾಕೆ?

ಹೋಗಿ ಆ ಅಂಕಣದ ಮುಂದೆ ನಿಂತು ತಲೆಯೆತ್ತಿದೆ. ಗೋಡೆಯ ಗೂಟದಲ್ಲಿ ಒಂದು ಗೂಡಿನ ಚೀಲ ನೇತಾಡುತ್ತಿತ್ತು. ಅರಿಸಿನ ಕುಂಕುಮ ಇಟ್ಟಿತ್ತು, ಒಣಗಿದ ಹೂವೂ ಇತ್ತು.

“ಅದು ಲಕ್ಷ್ಮಿ ಚೀಲ ಕಣವ್ವ,” ಎಂದಳು ತಾಯಮ್ಮ. “ಮದ್ವೆ ತಿಂಗಳಲ್ಲಿ ಒಯ್ದ ಗೂಡಿಗೆ ಮಾರ್ಕೆಟ್ಟಲ್ಲೇ ಹೆಚ್ಚಿನ ರೇಟು ಬಂತಲ್ಲ, ಅದೇ ಚೀಲ. ಲಕ್ಷ್ಮಿ ಬಂದ ಚೀಲ ಹುಳದ್ ಮನೇಲಿರ್ಲಿ ಅಂತ ಮಾದೇವ ತಂದು ನೇತಾಕವ್ನೆ. ಪ್ರತಿ ಸಲ ಕೆಡ್ದೆ ಉಳ್ದ ಒಸಿ ಗೂಡ್ನ ಅದ್ರಲ್ಲೇ ತುಂಬ್ಕೊಂಡು ಹೋಯ್ತಾನೆ, ತಿರ್ಗಾ ತಂದು ಅಲ್ಲೇ ಮಡಗ್ತಾನೆ.”

ಸೊಸೆಯೂ ಚೀಲವೂ ಒಂದೇ ತಿಂಗಳಲ್ಲಿ ಆ ಮನೆಗೆ ಬಂದಿದ್ದವು. ಒಬ್ಬಳನ್ನು ಆಚೆ ನಿಲ್ಲಿಸಿ, ಇನ್ನೊಂದಕ್ಕೆ ಪೂಜೆ ಮಾಡಿದ್ದರು. ಮಾರುಕಟ್ಟೆಯಲ್ಲಿ ಊರೂರಿನ ಗೂಡು ಒಂದರ ಪಕ್ಕ ಒಂದು ಸುರಿಯುತ್ತಾರೆ. ಅವುಗಳಲ್ಲಿ ಒಳಗೇ ಹುಳು ಸತ್ತು ಕರಗಿದ ಗೂಡುಗಳೂ ಇರುತ್ತವೆ, ಅದರ ರಸ ಚೀಲಕ್ಕೆ ಅಂಟುತ್ತದೆ. ಗೂಟದಲ್ಲಿದ್ದ ಚೀಲದ ತಳದಲ್ಲಿ ಕಂದು ಕಲೆಗಳಿದ್ದವು. ಅದರ ಧೂಳು ಉದುರುತ್ತಿದ್ದದ್ದು ಎಡಗಡೆಯ ಮೊದಲ ಅಂಕಣದ ಮೇಲೆ.

ಇದನ್ನು ಬಾಯಲ್ಲಿ ಹೇಳಿದ್ದರೆ ಲಕ್ಷ್ಮಿಯನ್ನು ಬೈದವಳಾಗುತ್ತಿದ್ದೆ. ಮಾರನೆಯ ದಿನ ಕೇಂದ್ರದ ಸೂಕ್ಷ್ಮದರ್ಶಕವನ್ನು ಕಂಬಳಿಯಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಕಾಲ ಸಂದಿಯಲ್ಲಿ ಇಟ್ಟುಕೊಂಡು ಹೊರಟೆ. ರಂಗಸ್ವಾಮಿ ಸರ್ ಗೇಟಿನವರೆಗೂ ಬಂದರು. “ಕೂಸು ಕರ್ಕೊಂಡು ಹೋದಂಗೆ ಹೋಗು. ಹಂಪ್ ಕಂಡ ಕಡೆ ಇಳ್ದು ತಳ್ಕೊಂಡು ಹೋಗು” ಎಂದರು. ಕನಕಪುರ ರಸ್ತೆಯ ಹಂಪುಗಳನ್ನು ಎಣಿಸಿದ್ದು ಆ ದಿನ ಒಂದೇ.

ತಾಯಮ್ಮನ ಮನೆ ಜಗಲಿಯ ಮೇಲೆ, ಬಿಸಿಲು ಬೀಳುವ ಕಡೆ ಅದನ್ನಿಟ್ಟೆ. ಮೊದಲು ಸತ್ತ ಹುಳುವಿನ ಹಾಲು ಒಂದು ತೊಟ್ಟು ಗಾಜಿನ ಮೇಲೆ ಹಾಕಿ ತೋರಿಸಿದೆ. ತಾಯಮ್ಮ ಒಂದು ಕಣ್ಣು ಮುಚ್ಚಲು ಬಾರದೆ, ಸೆರಗಿನಿಂದ ಮುಚ್ಚಿಕೊಂಡು ಬಗ್ಗಿದಳು.

“ಏನ್ ಕಾಣ್ತದೆ?”

“ಹೊಳಿತಾವೆ. ಕಲ್ಸಕ್ರೆ ಪುಡಿ ಮಾಡಿ ಚೆಲ್ದಂಗೆ.”

“ಅದೇ ಹಾಲುತೊಂಡೆ ರೋಗದ ಕಾಳು. ಈಗ ಇದು ನೋಡಿ.” ಚೀಲದ ಕಲೆಯನ್ನು ನೀರಿನಲ್ಲಿ ತೊಳೆದು ತೆಗೆದ ತೊಟ್ಟನ್ನು ಇಟ್ಟೆ.

ಈ ಸಲ ಆಕೆ ತುಂಬ ಹೊತ್ತು ಬಗ್ಗಿದ್ದಳು. ತಲೆಯೆತ್ತಿ ಮಗನನ್ನು ಕರೆದಳು. “ಬಾ ಇಲ್ಲಿ, ನೋಡು.” ಮಹದೇವ ನೋಡಿದ. ಹೋಗಿ ಹಟ್ಟಿಯ ಕಲ್ಲಿನ ಮೇಲೆ ಕೂತ. ಯಾರನ್ನೂ ನೋಡದೆ ಹೇಳಿದ: “ಚೀಲ ತಂದೋನು ನಾನು. ಅವ್ಳಲ್ಲ.”

ಬಾಗಿಲ ಮರೆಯಲ್ಲಿ ನಂದಿನಿ ನಿಂತಿದ್ದಳು. ಗಂಡ ಅತ್ತೆಯ ಮುಂದೆ ತನ್ನ ಪರವಾಗಿ ಆಡಿದ ಮೊದಲ ಮಾತು ಅದು ಎಂದು ಆಮೇಲೆ ಹೇಳಿದಳು.

ಆದರೆ ತಾಯಮ್ಮ ಸುಲಭಕ್ಕೆ ಬಗ್ಗುವವಳಲ್ಲ. “ಸರಿ, ಚೀಲನೂ ಆಚೆ ಹೋಗ್ಲಿ. ಇವ್ಳೂ ಒಂದ್ ಬೆಳೆ ತವ್ರಲ್ಲಿರ್ಲಿ. ಎರ್ಡೂ ನೋಡ್ಬುಡಾನ.”

“ಎರಡನ್ನೂ ಒಟ್ಟಿಗೆ ಆಚೆ ಹಾಕಿದರೆ, ಬೆಳೆ ಬಂದಾಗ ಯಾವುದರಿಂದ ಬಂತು ಅಂತ ಹೇಗೆ ಹೇಳ್ತೀರಿ ಅವ್ವ?”

ಆಕೆ ಎದ್ದು ಒಳಗೆ ಹೋದಳು. ನಾನು ಸೂಕ್ಷ್ಮದರ್ಶಕಕ್ಕೆ ಕಂಬಳಿ ಸುತ್ತುತ್ತಿದ್ದಾಗ ಮಜ್ಜಿಗೆಯ ಲೋಟ ಹಿಡಿದು ಹೊರಬಂದಳು.

“ಮೊಸ್ರು ಲೋಳೆ ಬಂದ್ರೆ,” ಎಂದಳು, “ಹೆಪ್ಪು ಕೆಟ್ಟೈತೋ ಗಡ್ಗೆ ಕೆಟ್ಟೈತೋ ಅಂತ ನಾನು ಒಂದ್ಸಲಕ್ಕೆ ಒಂದೇ ಬದ್ಲಾಯ್ಸೋದು. ಎರ್ಡೂ ಬದ್ಲಾಯ್ಸಿದ್ರೆ ಚೆನ್ನಾಗಿರೋ ಗಡ್ಗೇನೂ ಒಡ್ದಾಕ್ಬುಡ್ತೀವಿ. ನೀ ಹೇಳೋದು ಇದೇ ತಾನೆ?”

ವರ್ಷಗಟ್ಟಲೆ ಕಾಲೇಜಿನಲ್ಲಿ ಪ್ರಯೋಗ ಎಂದರೇನು ಎಂದು ಕೇಳಿದ್ದೆವು, ನಾನೂ ನಂದಿನಿಯೂ. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಮಾತು ಹೀಗೆ ನಿಂತಿತು. ಮುಂದಿನ ಬೆಳೆಗೆ ಚೀಲ ಮಾತ್ರ ಆಚೆ. ನಂದಿನಿ ಮನೆಯಲ್ಲೇ ಇರುತ್ತಾಳೆ. ಬೆಳೆ ಮುಗಿಯುವ ಹೊತ್ತಿಗೆ ಅವಳ ಅಣ್ಣ ಬರುತ್ತಾನೆ. ಬೆಳೆ ಕೆಟ್ಟಿದ್ದರೆ ಅವಳು ಅವನ ಜೊತೆ ಹೊರಡಬೇಕು. ಚೀಲವನ್ನು ಸುಡಲು ತಾಯಮ್ಮ ಒಪ್ಪಲಿಲ್ಲ. “ಲಕ್ಷ್ಮೀನ ಸುಡು ಅಂತೀಯಾ?” ಎಂದಳು. “ಸುಡಬೇಡಿ, ತೊಳೆದು ದೇವರ ಮನೇಲಿ ಇಡಿ. ಪಾಪ, ಆಕೆಯನ್ನ ಯಾಕೆ ಹುಳದ ಮನೆ ಕೆಲಸಕ್ಕೆ ಹಚ್ಚಿದ್ದೀರಿ” ಎಂದೆ. ತಾಯಮ್ಮ ನಕ್ಕಳು. ಮೂರು ಬೆಳೆಯಲ್ಲಿ ಆಕೆ ನಕ್ಕದ್ದು ನಾನು ಕಂಡದ್ದು ಅವತ್ತೇ. ಮಹದೇವ ಚೀಲವನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹರವಿದ. ಹುಳುಮನೆಯ ನೆಲ, ಗೋಡೆ, ಅಂಕಣ, ಗೂಟ ಎಲ್ಲಕ್ಕೂ ಪ್ರತಿ ಸಲದಂತೆ ಔಷಧಿ ಹೊಡೆದ. ಹೊಸ್ತಿಲಲ್ಲಿ ಒಂದು ತಟ್ಟೆ ಇಟ್ಟು ಸುಣ್ಣ, ಬ್ಲೀಚಿಂಗ್ ಪುಡಿ ಕಲಸಿ ಹಾಕಿದೆವು. ಒಳಗೆ ಹೋಗುವವರು ಯಾರೇ ಆಗಲಿ ಕೈಕಾಲು ತೊಳೆದು ಆ ಪುಡಿ ಮೆಟ್ಟಿಯೇ ಹೋಗಬೇಕು.

ನಾನು ಒಂದು ಸೆನ್ಸರ್ ಡಬ್ಬಿಯನ್ನೂ ಅಲ್ಲಿ ಸಿಕ್ಕಿಸಿದೆ. ಅದರ ಲೆಕ್ಕ ಬರುತ್ತಿದ್ದದ್ದು ನಂದಿನಿಯ ಫೋನಿಗೆ, ಏಕೆಂದರೆ ಮಹದೇವನದು ಗುಂಡಿ ಒತ್ತುವ ಹಳೆಯ ಫೋನು. ಹೀಗಾಗಿ ತಾಯಮ್ಮ ಒಳಗೆ, ನಂದಿನಿ ಕಿಟಕಿಯ ಆಚೆ.

“ಎಷ್ಟೈತವ್ವ?”

“ಇಪ್ಪತ್ತೆಂಟು ಅತ್ತೆ. ಜಾಸ್ತಿ ಆಯ್ತು.”

“ಗೋಣಿ ನೆನ್ಸಿ ಕಟ್ಲಾ?”

“ಕಟ್ಟಿ. ಆ ಕಡೆ ಕಿಟಕಿನೂ ಒಸಿ ತೆಗೀರಿ.”

ಮದುವೆಯಾಗಿ ಅಷ್ಟು ದಿನಕ್ಕೆ ಅತ್ತೆ ಸೊಸೆ ದಿನಕ್ಕೆ ಹತ್ತು ಸಲ ಮಾತಾಡತೊಡಗಿದ್ದು ಹಾಗೆ. ಮೊದಮೊದಲು ಅಂಕಿ ಮಾತ್ರ. ಆಮೇಲೆ, “ಎಷ್ಟೈತವ್ವ? ಉಂಡ್ಯಾ?” ಎಂದಾಯಿತು. ಒಂದು ಮಧ್ಯಾಹ್ನ ನಾನು ಹೋದಾಗ ತಾಯಮ್ಮ ಒಳಗಿನಿಂದ ಒಂದೊಂದು ಹುಳು ಎಲೆಯ ಮೇಲಿಟ್ಟು ಕಿಟಕಿಯ ಸರಳಿನಾಚೆ ಚಾಚಿ, “ಇದ್ರ ಬಣ್ಣ ನೋಡು, ಸರಿ ಐತಾ?” ಎಂದು ಕೇಳುತ್ತಿದ್ದಳು. ಸೊಸೆ ಅದನ್ನು ಬೆಳಕಿಗೆ ಹಿಡಿದು ನೋಡಿ, “ಚೆನ್ನಾಗೈತೆ ಅತ್ತೆ” ಎಂದು ಹಿಂದಕ್ಕೆ ಕೊಡುತ್ತಿದ್ದಳು. ಮೂರನೇ ಜ್ವರ ದಾಟಿತು. ನಾಲ್ಕನೆಯದೂ ದಾಟಿತು. ಎಡಗಡೆಯ ಮೊದಲ ಅಂಕಣದಲ್ಲಿ ಒಂದೂ ಹಳದಿ ಹುಳು ಕಾಣಲಿಲ್ಲ. ಆದರೂ ನಂದಿನಿ ನನಗೆ ಕಳಿಸುವ ಫೋಟೊದ ಕೆಳಗೆ ದಿನಾ ಒಂದೇ ಪ್ರಶ್ನೆ ಇರುತ್ತಿತ್ತು: “ಅಕ್ಕ, ಇವತ್ತು ಸರಿ ಇದೆಯಾ?” ಕೊನೆಯ ದಿನದಲ್ಲೂ ಕೆಟ್ಟ ಬೆಳೆಗಳಿವೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹುಳು ಹಣ್ಣಾಗುವುದೆಂದರೆ ತಿನ್ನುವುದು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಅವನ್ನು ಕೈಯಿಂದ ಆಯ್ದು ಚಂದ್ರಂಕಿಯ ಮೇಲೆ ಬಿಡಬೇಕು. ಬಿದಿರಿನ ದೊಡ್ಡ ತಟ್ಟೆಯ ಮೇಲೆ ಸುರುಳಿಯಾಗಿ ಪಟ್ಟಿ ಹೆಣೆದದ್ದು ಚಂದ್ರಂಕಿ. ಇದಕ್ಕೆ ತುಂಬ ಕೈ ಬೇಕು. ತಡವಾದರೆ ಹುಳು ಎಲೆಕಸದಲ್ಲೇ ನೂಲು ಸುರಿದು ವ್ಯರ್ಥ ಮಾಡುತ್ತದೆ. ನಮ್ಮ ಲೆಕ್ಕದ ಪ್ರಕಾರ ಸೋಮವಾರ ಹಣ್ಣಾಗಬೇಕಿತ್ತು. ಸೆಖೆ ಜೋರಾಗಿ ಭಾನುವಾರ ಬೆಳಿಗ್ಗೆಯೇ ಶುರುವಾಯಿತು. ಆಯಲು ಬರುತ್ತಿದ್ದ ಊರಿನ ಹೆಂಗಸರೆಲ್ಲ ಒಂದು ಟೆಂಪೊ ಹತ್ತಿ ಬೀಗರೂಟಕ್ಕೆ ಹೋಗಿದ್ದರು. ಮಹದೇವ ಇನ್ನಷ್ಟು ಚಂದ್ರಂಕಿ ತರಲು ಪಕ್ಕದ ಊರಿಗೆ ಹೋಗಿದ್ದ. ನಂದಿನಿಯ ಫೋನು ಬಂದಾಗ ನಾನು ಅದೇ ರಸ್ತೆಯಲ್ಲಿದ್ದೆ. ಹೋಗಿ ನೋಡಿದರೆ ಒಳಗೆ ತಾಯಮ್ಮ ಒಬ್ಬಳೇ. ಸುತ್ತ ಸಾವಿರಾರು ಹುಳು ತಲೆಯೆತ್ತಿ ತೂಗಾಡುತ್ತಿದ್ದವು. ಎಲ್ಲವೂ ಗಟ್ಟಿಮುಟ್ಟಾಗಿ, ದ್ರಾಕ್ಷಿಯ ಹಾಗೆ ತಿಳಿಯಾಗಿದ್ದವು.

ನಾನು ಕಾಲು ತೊಳೆದು ಪುಡಿ ಮೆಟ್ಟಿ ಒಳಗೆ ಹೋದೆ. ಇಬ್ಬರೂ ಆಯತೊಡಗಿದೆವು. ನಾಲ್ಕು ಕೈಗೆ ಮುಗಿಯುವ ಕೆಲಸವಾಗಿರಲಿಲ್ಲ ಅದು. ತಾಯಮ್ಮ ಒಂದು ಸಲ ಕಿಟಕಿಯ ಕಡೆ ನೋಡಿದಳು, ಇನ್ನೊಂದು ಸಲ ನೋಡಿದಳು.

“ನಂದಿನಿ.”

“ಇಪ್ಪತ್ತೇಳು ಅತ್ತೆ.”

“ಅದ್ ಕೇಳ್ಲಿಲ್ಲ. ಒಳಿಕ್ಕೆ ಬಾ.”

ಕಿಟಕಿಯಾಚೆಯ ನೆರಳು ಸರಿಯಿತು. ಆಮೇಲೆ ನಂದಿನಿ ಬಾಗಿಲಿಗೆ ಬಂದು ಹೊಸ್ತಿಲಾಚೆ ನಿಂತಳು. ಸಣ್ಣ ದನಿಯಲ್ಲಿ ಹೇಳಿದಳು: “ಅತ್ತೆ, ನಾನು ನಿನ್ನೆಯಿಂದ ಮುಟ್ಟಾಗಿ ಆಚೆ ಆಗಿದೀನಿ.”

ಸುಮ್ಮನೆ ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಹೇಳಿಯೇ ಬರಬೇಕೆಂದು ನಿಂತಳು. ತಾಯಮ್ಮನ ಎರಡು ಅಂಗೈ ತುಂಬ ಹುಳು ಇದ್ದವು. ಆಕೆ ಸೊಸೆಯ ಮುಖ ನೋಡಿದಳು, ಕೈಯಲ್ಲಿದ್ದ ಹುಳು ನೋಡಿದಳು, ಎಡಗಡೆಯ ಬರಿಗೂಟವನ್ನೂ ಒಮ್ಮೆ ನೋಡಿದಳು.

“ಕೈ ತೊಳ್ಕೊಂಡ್ಯಾ?”

“ತೊಳ್ಕೊಂಡೆ.”

“ಪುಡಿ ಮೆಟ್ಟಿ ಬಾ ಮತ್ತೆ. ನಿಂತ್ಕೊಂಡಿದ್ರೆ ಹುಳ ಕಾಯ್ತವಾ?”

ನಂದಿನಿ ಒಳಗೆ ಬಂದಳು. ಮೊದಲ ಹುಳುವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದಳು. ತಾಯಮ್ಮ ಪಕ್ಕದಲ್ಲಿ ನಿಂತು, “ಹಿಂಡ್ಬೇಡ, ಎತ್ಕೊ ಸಾಕು. ಅವೇ ಕೈಗೆ ಬತ್ತವೆ” ಎಂದು ತೋರಿಸಿಕೊಟ್ಟಳು. ಸ್ವಲ್ಪ ಹೊತ್ತಿನಲ್ಲೇ ಅವಳು ನನಗಿಂತ ಬೇಗ ಆಯುತ್ತಿದ್ದಳು. ಮಹದೇವ ಚಂದ್ರಂಕಿ ಹೊತ್ತು ತಂದವನು ಬಾಗಿಲಲ್ಲಿ ಹೆಂಡತಿಯನ್ನು ಒಳಗೆ ಕಂಡು, ಹೊತ್ತದ್ದನ್ನು ಇಳಿಸುವುದನ್ನೂ ಮರೆತು ನಿಂತ. “ಕಾಲು ತೊಳೀಲಾ ಮೊದ್ಲು” ಎಂದಳು ತಾಯಮ್ಮ. ಅವನು ಹೋಗಿ ತೊಳೆದುಕೊಂಡು ಬಂದು ಸೇರಿಕೊಂಡ.

ಅರ್ಧ ಕೆಲಸ ಆಗಿರಬೇಕು, ಆಗ ಹೊರಗೆ ಆಟೊ ನಿಂತಿತು. ಇಳಿದವನು ನಂದಿನಿಯ ಅಣ್ಣ ಪ್ರಕಾಶ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ತಂಗಿಯನ್ನು ಕರೆದೊಯ್ಯಲು ಗಟ್ಟಿ ಮನಸ್ಸು ಮಾಡಿ ಬಂದವನ ಮುಖ. ಆಟೊ ಡ್ರೈವರಿಗೆ, “ಒಸಿ ಇರಪ್ಪ, ಹತ್ತು ನಿಮಿಷ” ಎಂದು ಹೇಳಿ ಹುಳುಮನೆಯ ಬಾಗಿಲಿಗೆ ಬಂದ. ಒಳಗೆ ತಂಗಿ ಸೀರೆ ಎತ್ತಿ ಕಟ್ಟಿ, ಅತ್ತೆಯ ಹೆಗಲಿಗೆ ಹೆಗಲು ತಾಗಿಸಿ ಬಗ್ಗಿ ಕೂತಿದ್ದನ್ನು ನೋಡಿದ.

“ಕರ್ಕೊಂಡು ಹೋಗಾಕೆ ಬಂದಿದ್ದೆ,” ಎಂದ, ಯಾರಿಗೆ ಹೇಳಬೇಕೆಂದು ತಿಳಿಯದೆ.

ತಾಯಮ್ಮ ತಲೆಯೆತ್ತಲಿಲ್ಲ. “ಹಣ್ಣು ಅಲ್ಲಿ ಜಗ್ಲಿ ಮೇಲೆ ಮಡಗಪ್ಪ. ಅಂಗಿ ಬಿಚ್ಚಿ ಆ ಹಗ್ಗಕ್ಕಾಕು, ಕೈಕಾಲು ತೊಳ್ಕೊ, ಪುಡಿ ಮೆಟ್ಟು.”

“ಅಲ್ಲ ಅತ್ತೆ, ಮಾತಾಗಿತ್ತಲ್ಲ…”

“ಮಾತು ನಂಗೂ ನೆಪ್ಪೈತೆ. ಬೆಳೆ ಕೆಟ್ರೆ ಅಂತ ತಾನೆ? ಕೆಟ್ಟೈತಾ ನೀನೇ ಬಂದು ನೋಡು. ಬಂದ್ಮೇಲೆ ಸುಮ್ನೆ ನಿಲ್ಬೇಡ, ಆ ಕಡೆ ಅಂಕಣ ಇಡ್ಕೊ.”

ಪ್ರಕಾಶ ತಂಗಿಯನ್ನು ನೋಡಿದ. ಅವಳು ಬೊಗಸೆ ತುಂಬ ಹುಳು ಹಿಡಿದು, ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡಳು. ಅವನು ಅಂಗಿಯ ಗುಂಡಿ ಬಿಚ್ಚತೊಡಗಿದ. ಹೊರಗಿನಿಂದ ಆಟೊ ಡ್ರೈವರ್, “ಅಣ್ಣೋ, ಹತ್ತು ನಿಮಿಷ ಆಯ್ತು” ಎಂದು ಕೂಗಿದ. ತಾಯಮ್ಮ ಅವನಿಗೂ ಒಳಗಿನಿಂದಲೇ ಹೇಳಿದಳು:

“ನೀನೂ ಕೈ ತೊಳ್ಕೊಂಡು ಬಾರಪ್ಪ. ಇವತ್ತು ಈ ಮನೆಯಿಂದ ಯಾರೂ ಹೋಗಾಕಿಲ್ಲ.”